ಉಡುಪು ಮತ್ತು ಔಚಿತ್ಯ

(ಶಾಖಾಮಠದ ವಾರ್ಷಿಕೋತ್ಸವದ ಸಂದರ್ಭದಲ್ಲಿ ನೀಡಿದ ಉಪನ್ಯಾಸದ ಲಿಖಿತರೂಪ)



ಮುಂಬಯಿ ಮಹಾನಗರ ಮತ್ತು ಉಪನಗರಗಳಲ್ಲಿ ನೆಲೆಸಿರುವ ಮಾಧ್ವ ಕುಟುಂಬಗಳ ಹಿರಿಯರು ಒಂದೆಡೆ ಸೇರಿದಾಗ, ಮಕ್ಕಳ ಮದುವೆಯ ಮತ್ತು ಮೊಣಕಾಲು ನೋವಿನ ಮಾತು ಮುಗಿದ ಮೇಲೆ, ತಪ್ಪದೆ ಬರುವ ವಿಷಯ ಉಡುಪಿನದು. ಕಚೇರಿಗೆ ಟೀ-ಶರ್ಟ್ ತೊಟ್ಟು ಹೊರಡುವ ಮಗ, ರಾತ್ರಿ ಮಲಗುವ ಪೈಜಾಮದಂತಹ ಬಟ್ಟೆಯಲ್ಲೇ ವಿಮಾನ ಹತ್ತುವ ಸೊಸೆ, ಮಠದ ಭೋಜನಶಾಲೆಗೆ ಮೊಣಕಾಲುದ್ದದ ಚಡ್ಡಿಯಲ್ಲಿ ಬಂದು ಪಂಕ್ತಿಯ ಕೊನೆಯಲ್ಲಿ ಕುಳಿತುಬಿಡುವ ಮೊಮ್ಮಗ, ಇವರೆಲ್ಲರೂ ಆ ಮಾತುಕತೆಯಲ್ಲಿ ಉದಾಹರಣೆಗಳಾಗುತ್ತಾರೆ. ಸಾಂತಾಕ್ರೂಜಿನ ಪೇಜಾವರ ಮಠವಿರಲಿ, ಅಂಧೇರಿಯ ಅದಮಾರು ಮಠವಿರಲಿ, ಮೀರಾರೋಡಿನ ಪಲಿಮಾರು ಮಠವಿರಲಿ, 1925ರಲ್ಲಿ ಹುಟ್ಟಿದ ಬಿ.ಎಸ್.ಕೆ.ಬಿ. ಎಸೋಸಿಯೇಷನ್ನಿನ ಸಾಯನ್ ಗೋಕುಲವಿರಲಿ, ಹಿರಿಯರು ಸೇರುವಲ್ಲೆಲ್ಲ ಈ ಆಕ್ಷೇಪ ಎದುರಾಗುವಂಥದೇ. ಎಲ್ಲಿಗೆ ಏನನ್ನು ಉಟ್ಟುಕೊಂಡು ಹೋಗಬೇಕೆಂಬ ಪರಿಜ್ಞಾನ ಈಗಿನವರಿಗೆ ಉಳಿದಿಲ್ಲ ಎಂಬುದು ಅದರ ಸಾರ.

ಆಕ್ಷೇಪದಲ್ಲಿ ಹುರುಳಿಲ್ಲವೆಂದು ಹೇಳುವಂತಿಲ್ಲ. ಆದರೆ ಅದರೊಳಗೆ ಮೂರು ಬೇರೆ ಬೇರೆ ದೂರುಗಳು ಸೇರಿಕೊಂಡಿವೆ: ಶುಚಿತ್ವದ ದೂರು, ಮರ್ಯಾದೆಯ ದೂರು, ಅಂತಸ್ತಿನ ದೂರು. ಮೊದಲಿನೆರಡಕ್ಕೆ ಶಾಸ್ತ್ರದ ಮತ್ತು ಲೋಕವ್ಯವಹಾರದ ಬೆಂಬಲವಿದೆ. ಮೂರನೆಯದಕ್ಕೆ ಯಾವ ಬೆಂಬಲವೂ ಇಲ್ಲ. ತೊಂದರೆಯೆಂದರೆ ಮೂರನೆಯದು ಸದಾ ಮೊದಲಿನೆರಡರ ಮುಸುಕು ಹಾಕಿಕೊಂಡೇ ಬರುತ್ತದೆ.

ಹಿಂದಿನವರ ಉಡುಪು ಹೇಗಿತ್ತು ಎಂಬುದನ್ನು ಮೊದಲು ನೋಡಬೇಕು. ದಕ್ಷಿಣ ಕನ್ನಡದ ಕರಾವಳಿಯಿಂದ ಹಡಗಿನಲ್ಲಿ ಬಂದು ಬೊಂಬಾಯಿಯ ಬಂದರಿನಲ್ಲಿ ಇಳಿದ ತಲೆಮಾರಿನವರು ಕಚೇರಿಯ ಗುಮಾಸ್ತೆಗಳಾದಾಗ ಅವರ ಉಡುಪು ಕಚ್ಚೆಪಂಚೆ, ಮುಚ್ಚು ಕೋಟು, ತಲೆಗೊಂದು ರುಮಾಲು ಅಥವಾ ಟೋಪಿ. ಬರಿದಲೆಯಲ್ಲಿ ಹಿರಿಯರೆದುರು ನಿಲ್ಲುವುದು ಆ ಕಾಲಕ್ಕೆ ಅವಿಧೇಯತೆಯ ಲಕ್ಷಣವಾಗಿತ್ತು. ಅವರ ಮಕ್ಕಳು ಪಂಚೆ ಬಿಟ್ಟು ಪ್ಯಾಂಟು ತೊಟ್ಟರು. ಟೋಪಿ ಹೋಯಿತು, ಕೋಟು ಹೋಯಿತು, ಬುಶ್‌ಶರ್ಟ್ ಬಂದಿತು. 1970 ಮತ್ತು 80ರ ದಶಕಗಳಲ್ಲಿ ಬ್ಯಾಂಕಿನ ಅಧಿಕಾರಿಯೆಂದರೆ ಸಫಾರಿ ಸೂಟು ಎಂಬಂತಾಯಿತು. ಇಂದು ಮೊಮ್ಮಗನ ಟೀ-ಶರ್ಟನ್ನು ಕಂಡು ಮುಖ ಸಿಂಡರಿಸುವ ಅಜ್ಜನವರು ತಮ್ಮ ಯೌವನದಲ್ಲಿ ಅರ್ಧತೋಳಿನ ಬುಶ್‌ಶರ್ಟನ್ನು ಪ್ಯಾಂಟಿನ ಹೊರಗೆ ಬಿಟ್ಟುಕೊಂಡು ತಿರುಗಿದಾಗ ಅವರ ತಂದೆಯವರು ಏನು ಹೇಳಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಸ್ತ್ರೀಯರ ಉಡುಪಿನ ಕಥೆಯೂ ಇದೇ. ಇಂದು ಸಂಪ್ರದಾಯದ ಸಾಕ್ಷಾತ್ ಮೂರ್ತಿಯೆಂದು ಭಾವಿಸಲಾಗುವ, ರವಿಕೆ ಮತ್ತು ಒಳಲಂಗದೊಡನೆ ನೆರಿಗೆ ಹಿಡಿದು ಉಡುವ ಆರು ಗಜದ ಸೀರೆಯ ರೂಢಿ ಬಹಳ ಹಳೆಯದೇನಲ್ಲ. ದೇಶದ ಮೊದಲ ಭಾರತೀಯ ಐ.ಸಿ.ಎಸ್. ಅಧಿಕಾರಿ ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನೀ ದೇವಿಯವರು 1860ರ ದಶಕದಲ್ಲಿ ಪತಿಯೊಂದಿಗೆ ಇದೇ ಬೊಂಬಾಯಿಗೆ ಬಂದು, ಇಲ್ಲಿನ ಪಾರಸೀ ಮಹಿಳೆಯರು ಸೀರೆಯುಡುವ ಕ್ರಮವನ್ನು ನೋಡಿ, ಅದನ್ನು ಮಾರ್ಪಡಿಸಿಕೊಂಡು ಬಂಗಾಳಕ್ಕೆ ಒಯ್ದರು. ಆಧುನಿಕ ರೀತಿಯ ಸೀರೆ ದೇಶದಲ್ಲಿ ಹರಡಿದುದರಲ್ಲಿ ಅವರ ಪಾತ್ರ ದೊಡ್ಡದು. ಒಂಬತ್ತು ಗಜದ ಕಚ್ಚೆಸೀರೆ ಉಟ್ಟ ಅಜ್ಜಿಯಂದಿರಿಗೆ ಆರು ಗಜ ಒಂದು ಸಡಿಲಿಕೆಯಾಗಿಯೇ ಕಂಡಿತು. ಮುಂದೆ ಕಾಲೇಜಿಗೆ ಹೋಗುವ ಹುಡುಗಿಯರು ಸಲ್ವಾರ್ ಕಮೀಜ್ ತೊಡಲಾರಂಭಿಸಿದಾಗ ಮನೆಗಳಲ್ಲಿ ಅದಕ್ಕೆ ‘ಪಂಜಾಬಿ ಡ್ರೆಸ್’ ಎಂಬ ಹೆಸರು ಬಿದ್ದಿತು. ಆ ಹೆಸರಿನಲ್ಲೇ ಸಣ್ಣದೊಂದು ಆಕ್ಷೇಪವಿತ್ತು. ಈಗ ಅದೇ ಉಡುಪನ್ನು ಹಿರಿಯರು ‘ಲಕ್ಷಣವಾದ ಉಡುಗೆ’ ಎಂದು ಕರೆದು, ಅದನ್ನಾದರೂ ತೊಟ್ಟುಕೊಂಡು ಬಾರಮ್ಮ ಎಂದು ಮೊಮ್ಮಗಳನ್ನು ಬೇಡಿಕೊಳ್ಳುತ್ತಾರೆ.

ಆಕ್ಷೇಪಕ್ಕೆ ಗುರಿಯಾಗಿರುವ ಜೀನ್ಸ್‌ನ ಕಥೆ ಇನ್ನೂ ಸ್ವಾರಸ್ಯಕರವಾದುದು. ಅಮೆರಿಕದಲ್ಲಿ ಲೆವೈ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ ಎಂಬವರು ತಾಮ್ರದ ಮೊಳೆ ಹಾಕಿದ ಪ್ಯಾಂಟಿಗೆ 1873ರಲ್ಲಿ ಸ್ವಾಮ್ಯ ಪಡೆದರು. ಶ್ರಮಿಕರು ತೊಡುವ ಗಟ್ಟಿ ಬಟ್ಟೆ ಅದು. ಅದರ ಹತ್ತಿರದ ಬಂಧುವಾದ, ಇಂಗ್ಲಿಷಿನಲ್ಲಿ ಡಂಗರೀ ಎಂದು ಕರೆಯಲ್ಪಡುವ ಒರಟು ಬಟ್ಟೆಗೆ ಆ ಹೆಸರು ಬಂದುದು ಮುಂಬಯಿಯ ಡೋಂಗ್ರಿಯಿಂದ. ಅಲ್ಲಿ ಮಾರಾಟವಾಗುತ್ತಿದ್ದ ಅಗ್ಗದ ಹತ್ತಿಬಟ್ಟೆ ಹಡಗೇರಿ ಹೋಗಿ ನಾವಿಕರ ಮತ್ತು ಕೂಲಿಕಾರರ ಉಡುಪಾಯಿತು. ಪೊಲೀಸರ ಮತ್ತು ಸೈನಿಕರ ಶಿಸ್ತಿನ ಗುರುತಾದ ಖಾಕಿಗೂ ಕರಾವಳಿಯ ನಂಟಿದೆ. 19ನೆಯ ಶತಮಾನದ ನಡುವಿನಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬ ಜರ್ಮನ್ ತಜ್ಞರು ಆ ಬಣ್ಣವನ್ನು ಸಿದ್ಧಪಡಿಸಿದರೆಂದು ಪ್ರತೀತಿ. ಒಂದೇ ಬಗೆಯ ಒರಟು ಹತ್ತಿಬಟ್ಟೆ ಒಂದೆಡೆ ಶಿಸ್ತಿನ ಚಿಹ್ನೆಯಾಗಿ, ಇನ್ನೊಂದೆಡೆ ಅಶಿಸ್ತಿನ ಚಿಹ್ನೆಯಾಗಿ ಎಣಿಸಲ್ಪಡುವುದನ್ನು ಕಂಡಾಗ, ಮರ್ಯಾದೆಯು ಬಟ್ಟೆಯಲ್ಲಿ ನೇಯಲ್ಪಟ್ಟಿಲ್ಲ, ಜನರ ಒಪ್ಪಂದದಲ್ಲಿದೆ ಎಂಬುದು ವೇದ್ಯವಾಗುತ್ತದೆ.

ಒಪ್ಪಂದವೆಂದ ಮಾತ್ರಕ್ಕೆ ಅದು ಹಗುರವಾದುದಲ್ಲ. ಬ್ಯಾಂಕಿನ ಕೌಂಟರಿಗೆ ಬರುವ ನಿವೃತ್ತ ಶಿಕ್ಷಕಿ ತನ್ನ ಜೀವಮಾನದ ಉಳಿತಾಯವನ್ನು ಒಬ್ಬ ಅಪರಿಚಿತನ ಕೈಗೆ ಒಪ್ಪಿಸುತ್ತಾಳೆ. ಆ ಅಪರಿಚಿತ ತಲೆ ಬಾಚಿಕೊಂಡು, ಇಸ್ತ್ರಿಯಾದ ಅಂಗಿ ತೊಟ್ಟು ಕುಳಿತಿರುವುದು ಅವಳಿಗೆ ಕೊಡುವ ಮೊದಲ ಭರವಸೆ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ ಮೊದಲಾದ ಕರಾವಳಿ ಮೂಲದ ಬ್ಯಾಂಕುಗಳು ಮುಂಬಯಿಯಲ್ಲಿ ಶಾಖೆಗಳನ್ನು ತೆರೆದಾಗ ಅಲ್ಲಿ ಸೇರಿದ ಎಷ್ಟೋ ಮಾಧ್ವ ಯುವಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡೇ ಅಂಗಿಗಳಿದ್ದರೂ ಒಂದನ್ನು ರಾತ್ರಿ ಒಗೆದು, ಚಾಳಿನ ಪಡಸಾಲೆಯಲ್ಲಿ ಒಣಹಾಕಿ, ಬೆಳಿಗ್ಗೆ ಬಿಸಿನೀರಿನ ಚೊಂಬಿನಿಂದ ಉಜ್ಜಿ ಸುಕ್ಕು ತೆಗೆದು ತೊಟ್ಟು ಹೋಗುತ್ತಿದ್ದ ಕಾಲವದು. ಇಂದು ಆ ಬ್ಯಾಂಕುಗಳ ಪೈಕಿ ಮೂರು ಬೇರೆ ಬ್ಯಾಂಕುಗಳಲ್ಲಿ ಲೀನವಾಗಿವೆ: ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ 2020ರಲ್ಲಿ. ಆ ಅಂಗಿಗಳ ನೆನಪು ಮಾತ್ರ ಹಳೆಯ ಗ್ರಾಹಕರಲ್ಲಿ ಉಳಿದಿದೆ.

ಇತ್ತೀಚಿನ ವರ್ಷಗಳಲ್ಲಿ ಈ ಒಪ್ಪಂದ ಎರಡು ದಿಕ್ಕಿಗೆ ಎಳೆಯಲ್ಪಡುತ್ತಿದೆ. ವಾರದ ಬಹುಪಾಲು ಟೈ ಕಟ್ಟಿಕೊಂಡು ಬರಬೇಕೆಂಬ ಶಿಸ್ತಿಗೆ ಹೆಸರಾಗಿದ್ದ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆ 2015ರಲ್ಲಿ ವಾರದ ಎಲ್ಲ ದಿನವೂ ಸಾದಾ ಉಡುಪಿಗೆ ಅನುಮತಿ ನೀಡಿತು. ಮರುವರ್ಷದ ಕೊನೆಯಲ್ಲಿ ಮುಂಬಯಿಯಲ್ಲಿ ಪ್ರಧಾನ ಕಚೇರಿಯುಳ್ಳ ಸ್ಟೇಟ್ ಬ್ಯಾಂಕ್ ತನ್ನ ಸಿಬ್ಬಂದಿಗೆ ಟೀ-ಶರ್ಟ್, ಜೀನ್ಸ್, ಚಪ್ಪಲಿ ಬೇಡವೆಂದು ಸೂಚಿಸಿತು. ಸಭೆಯಲ್ಲಿ ತೇಗಬಾರದೆಂಬ ಸೂಚನೆಯೂ ಅದರಲ್ಲಿತ್ತಂತೆ. ಭೋಜನಪ್ರಿಯರಾದ ಉಡುಪಿಯ ಕಡೆಯವರು ಇದನ್ನು ಓದಿ ನಕ್ಕಿರಬೇಕು. ಮಹಾರಾಷ್ಟ್ರ ಸರಕಾರ 2020ರ ಡಿಸೆಂಬರಿನಲ್ಲಿ ತನ್ನ ನೌಕರರಿಗೆ ಜೀನ್ಸ್ ಮತ್ತು ಟೀ-ಶರ್ಟ್ ನಿಷೇಧಿಸಿ, ಶುಕ್ರವಾರ ಖಾದಿ ತೊಡುವಂತೆ ಆದೇಶ ಹೊರಡಿಸಿತು. ಮರುವರ್ಷವೇ ಜೀನ್ಸಿನ ಮಟ್ಟಿಗೆ ಆದೇಶವನ್ನು ಸಡಿಲಿಸಿತು. 2017ರಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ, ಬಳ್ಳಾರಿಯ ಮಗಳಾದ ಮಂಜುಳಾ ಚೆಲ್ಲೂರ್ ಅವರು, ಜೀನ್ಸ್ ಮತ್ತು ಟೀ-ಶರ್ಟ್ ಧರಿಸಿ ನ್ಯಾಯಾಲಯಕ್ಕೆ ಬಂದ ಪತ್ರಕರ್ತರನ್ನು ಕಂಡು, ಇದು ಸರಿಯೇ ಎಂದು ತೆರೆದ ನ್ಯಾಯಾಲಯದಲ್ಲೇ ಪ್ರಶ್ನಿಸಿದರು. ಆ ಮಾತಿಗೆ ಮೆಚ್ಚುಗೆಯೂ ಬಂದಿತು, ಟೀಕೆಯೂ ಬಂದಿತು.

ವಕೀಲರ ಉಡುಪಿನ ನಿಯಮವನ್ನು ಈ ಸಂದರ್ಭದಲ್ಲಿ ಸ್ಮರಿಸಬಹುದು. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಪುರುಷ ವಕೀಲರು ಕಪ್ಪು ಕೋಟು ಮತ್ತು ಬಿಳಿಯ ಪಟ್ಟಿಯೊಂದಿಗೆ ಪ್ಯಾಂಟನ್ನಾದರೂ ತೊಡಬಹುದು, ಧೋತಿಯನ್ನಾದರೂ ಉಡಬಹುದು. ಜೀನ್ಸ್ ಮಾತ್ರ ಸಲ್ಲದು. ಧೋತಿಯುಟ್ಟು ವಾದಿಸುವ ಅವಕಾಶ ನಿಯಮದಲ್ಲೇ ಇದ್ದರೂ ಅದನ್ನು ಬಳಸುವವರು ತೀರ ವಿರಳ. ಯಾರೂ ನಿಷೇಧಿಸದ ಪಂಚೆಯನ್ನು ಬಿಟ್ಟುಕೊಟ್ಟವರು ಯಾರು ಎಂಬ ಪ್ರಶ್ನೆಗೆ ಉತ್ತರವನ್ನು ಕಿರಿಯರಲ್ಲಿ ಹುಡುಕುವುದು ನ್ಯಾಯವಲ್ಲ.

ಮುಂಬಯಿಯ ಹವೆಯೂ ರೈಲೂ ಈ ಚರ್ಚೆಯಲ್ಲಿ ಪಕ್ಷಕಾರರೇ. ಡೊಂಬಿವಿಲಿಯಲ್ಲಿ ಇಸ್ತ್ರಿ ಮಾಡಿ ತೊಟ್ಟ ಅಂಗಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ತಲುಪುವಷ್ಟರಲ್ಲಿ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಲೋಕಲ್ ರೈಲಿನಲ್ಲಿ ಒಂದು ತಿಂಗಳು ಓಡಾಡಿದವರಿಗೆ ವಿವರಿಸಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಚರ್ಮದ ಬೂಟಿಗೆ ಬೂಷ್ಟು ಹಿಡಿಯುತ್ತದೆ. ಆದುದರಿಂದ ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಹೊರಟು, ಕಚೇರಿಯ ಮೇಜಿನ ಕೆಳಗಿಟ್ಟ ಬೂಟನ್ನು ಅಲ್ಲಿ ಧರಿಸುವವರು ಸಾವಿರಾರು ಜನ. ದಾರಿಯಲ್ಲಿ ಅವರನ್ನು ಕಂಡು ಅಶಿಸ್ತಿನವರೆಂದು ತೀರ್ಮಾನಿಸುವುದು ಅರ್ಧ ಕಥೆ ಕೇಳಿ ತೀರ್ಪು ಕೊಟ್ಟಂತೆ. ಮೇ ತಿಂಗಳ ಬೆವರಿನಲ್ಲಿ ಟೈ ಬಿಗಿದುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಔಷಧ ಕಂಪೆನಿಯ ಪ್ರತಿನಿಧಿಯನ್ನು ನೋಡಿದರೆ, ಶೀತದೇಶದ ಉಡುಪನ್ನು ಈ ಊರಿನ ಮರ್ಯಾದೆಯೆಂದು ಒಪ್ಪಿಕೊಂಡದ್ದೇ ವಿಚಿತ್ರವೆನಿಸುತ್ತದೆ. ಆ ಶೀತದೇಶವಾದರೂ ತನ್ನ ರೂಢಿಗೆ ಕಟ್ಟುಬಿದ್ದಿಲ್ಲ. ಇಂಗ್ಲೆಂಡಿನ ಆರೋಗ್ಯ ಇಲಾಖೆ 2007ರಲ್ಲಿ, ರೋಗಿಗಳನ್ನು ಮುಟ್ಟುವ ವೈದ್ಯರು ಮೊಣಕೈಯಿಂದ ಕೆಳಗೆ ಏನನ್ನೂ ಧರಿಸಬಾರದು, ಟೈ ಬೇಡ, ಉದ್ದ ತೋಳು ಬೇಡ ಎಂದು ಸೂಚಿಸಿತು. ಸೋಂಕು ಹರಡದಿರಲೆಂಬುದೇ ಕಾರಣ. ಕೈಕಾಲು ತೊಳೆದು, ಒಗೆದ ಬಟ್ಟೆ ಉಟ್ಟು ಅಡಿಗೆಮನೆಗೆ ಹೋಗುತ್ತಿದ್ದ ಅಜ್ಜಿಗೆ ಇದರಲ್ಲಿ ಹೊಸತೇನೂ ಕಾಣಲಾರದು.

ಒಟ್ಟಿನಲ್ಲಿ ಕಚೇರಿಯ ಮಟ್ಟಿಗೆ ನೋಡುವುದಾದರೆ, ಜನರೆದುರು ಕುಳಿತು ಕೆಲಸ ಮಾಡುವವನಿಗೂ ಗಣಕಯಂತ್ರದೆದುರು ಏಕಾಂತದಲ್ಲಿ ಕೆಲಸ ಮಾಡುವವನಿಗೂ ಒಂದೇ ನಿಯಮ ಸಲ್ಲುವುದಿಲ್ಲ. ಮೊದಲನೆಯವನು ಟೀ-ಶರ್ಟಿನಲ್ಲಿ ಬಂದರೆ ಎದುರಿಗಿರುವವರಿಗೆ ಅವನು ಗಮನ ಕೊಟ್ಟಿಲ್ಲವೆಂಬ ಭಾವನೆ ಬರುವುದು ಸಹಜ. ಆ ಭಾವನೆಗೆ ಬೆಲೆ ಕೊಡುವುದು ಅವನ ವೃತ್ತಿಯ ಭಾಗ. ಎರಡನೆಯವನ ಟೀ-ಶರ್ಟಿನ ಮೇಲೆ ಸಮಾಜ ಇಷ್ಟು ಮಾತು ವ್ಯಯಿಸಬೇಕಾಗಿಲ್ಲ. ಅದು ಒಗೆದದ್ದಾಗಿರಲಿ ಎಂದರೆ ಸಾಕು. 2020ರ ಮಹಾಮಾರಿಯ ಕಾಲದಲ್ಲಿ ಮನೆಯಿಂದಲೇ ಕಚೇರಿಯ ಕೆಲಸ ಮಾಡಿದವರು ಮೇಲೆ ಇಸ್ತ್ರಿಯಾದ ಅಂಗಿ, ಕೆಳಗೆ ಲುಂಗಿ ಎಂಬ ಅವತಾರದಲ್ಲಿ ಸಭೆಗಳನ್ನು ನಡೆಸಿದರು, ಕೆಲಸ ನಿಲ್ಲಲಿಲ್ಲ. ಅದೇ ಕಾಲದಲ್ಲಿ ಅಂತರ್ಜಾಲದ ಮೂಲಕ ಪ್ರವಚನ ಕೇಳಿದವರು ಹೇಗೆ ಕುಳಿತು ಕೇಳಿದರು ಎಂಬುದನ್ನು ಕೇಳದಿರುವುದೇ ಲೇಸು.

ಅಂತಸ್ತಿನ ದೂರು ಇದಕ್ಕಿಂತ ಗಂಭೀರವಾದುದು. ಉಡುಪಿನ ನಿಯಮವನ್ನು ಕೈಗೆತ್ತಿಕೊಂಡವರು ಅದನ್ನು ಯಾರ ಮೇಲೆ ಪ್ರಯೋಗಿಸುತ್ತಾರೆ ಎಂಬುದನ್ನು ಚರಿತ್ರೆ ತೋರಿಸಿಕೊಟ್ಟಿದೆ. ಬ್ರಿಟಿಷ್ ಅಧಿಕಾರಿಗಳ ಎದುರು ಹೋಗುವ ಭಾರತೀಯರು ಪಾದರಕ್ಷೆ ಕಳಚಬೇಕೆಂಬ ಕಟ್ಟಳೆಯಿತ್ತು. 1854ರಲ್ಲಿ ಗವರ್ನರ್ ಜನರಲ್ ಮಂಡಳಿ ಅದನ್ನು ಸಡಿಲಿಸಿದಾಗಲೂ ಯುರೋಪಿನ ಮಾದರಿಯ ಬೂಟು ಧರಿಸಿದವರಿಗಷ್ಟೇ ರಿಯಾಯಿತಿ ಸಿಕ್ಕಿತು. ದೇಶೀ ಜೋಡು ಧರಿಸಿದವರು ಎಂದಿನಂತೆ ಅದನ್ನು ಹೊರಗೆ ಬಿಡಬೇಕಾಗಿತ್ತು. ಸ್ವಾತಂತ್ರ್ಯ ಬಂದು ಅರುವತ್ತೇಳು ವರ್ಷಗಳ ಬಳಿಕ, 2014ರ ಜುಲೈಯಲ್ಲಿ, ಚೆನ್ನೈಯ ಒಂದು ಕ್ರಿಕೆಟ್ ಕ್ಲಬ್ಬಿಗೆ ಪುಸ್ತಕ ಬಿಡುಗಡೆಯ ಕಾರ್ಯಕ್ರಮಕ್ಕೆಂದು ಬಂದ ಮದ್ರಾಸು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಹರಿಪರಂತಾಮನ್ ಅವರನ್ನು, ಅವರು ಉಟ್ಟಿದ್ದ ಪಂಚೆಯ ಕಾರಣದಿಂದ ಬಾಗಿಲಲ್ಲೇ ತಡೆಯಲಾಯಿತು. ತಮಿಳುನಾಡು ಸರಕಾರ ಅದೇ ವರ್ಷ ಕಾನೂನನ್ನೇ ತಂದು ಇಂತಹ ತಡೆಯನ್ನು ನಿಷೇಧಿಸಬೇಕಾಯಿತು. ಕರ್ನಾಟಕದ ರಾಜಧಾನಿಯಲ್ಲಿ 2024ರ ಫೆಬ್ರವರಿಯಲ್ಲಿ ಬಟ್ಟೆ ಕೊಳೆಯಾಗಿದೆಯೆಂದು ಒಬ್ಬ ರೈತರನ್ನು ರಾಜಾಜಿನಗರದ ಮೆಟ್ರೋ ನಿಲ್ದಾಣದಲ್ಲಿ ತಡೆಯಲಾಯಿತು. ಅವರ ಕೈಯಲ್ಲಿ ಟಿಕೇಟು ಇತ್ತು. ಅದೇ ವರ್ಷದ ಜುಲೈಯಲ್ಲಿ ಮಗನೊಂದಿಗೆ ಚಲನಚಿತ್ರ ನೋಡಲು ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರಿಗೆ, ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ, ಮಾಗಡಿ ರಸ್ತೆಯ ಒಂದು ಮಾಲ್‌ನಲ್ಲಿ ಪ್ರವೇಶ ನಿರಾಕರಿಸಲಾಯಿತು. ವಿಷಯ ವಿಧಾನಸಭೆಯಲ್ಲಿ ಪ್ರತಿಧ್ವನಿಸಿ, ಸರಕಾರ ಆ ಮಾಲನ್ನು ಏಳು ದಿನಗಳ ಕಾಲ ಮುಚ್ಚಿಸಿತು.

ಮಠದ ಗರ್ಭಗುಡಿಯ ಮುಂದೆ ಯಾವ ಬಟ್ಟೆ ಅತ್ಯಂತ ಯೋಗ್ಯವೋ ಅದೇ ಬಟ್ಟೆ ಮಾಲ್‌ನ ಬಾಗಿಲಲ್ಲಿ ಅಯೋಗ್ಯವಾಯಿತು. ಇದನ್ನು ಓದಿ ನೊಂದುಕೊಂಡ ಆಸ್ತಿಕರು, ಮಠದ ಬಾಗಿಲಲ್ಲಿ ಇದೇ ತರ್ಕ ತಿರುಗುಮುರುಗಾಗಿ ನಡೆಯಬಾರದೆಂಬುದನ್ನೂ ಯೋಚಿಸಬೇಕಾಗುತ್ತದೆ.

ಭಾಗವತದ ದಶಮಸ್ಕಂಧದ ಕುಚೇಲೋಪಾಖ್ಯಾನವನ್ನು ಕೇಳದ ಮಾಧ್ವರ ಮನೆಯಿಲ್ಲ. ಆದರೆ ‘ಕುಚೇಲ’ ಎಂಬ ಶಬ್ದದ ಅರ್ಥವೇ ಕೆಟ್ಟ ಬಟ್ಟೆ ಉಟ್ಟವನು ಎಂಬುದು ಎಷ್ಟೋ ಸಲ ಮರೆತುಹೋಗುತ್ತದೆ. ಚೇಲವೆಂದರೆ ವಸ್ತ್ರ. ಆ ಬಡ ಬ್ರಾಹ್ಮಣನನ್ನು ಜಗತ್ತು ಗುರುತಿಸಿದ್ದು ಅವನ ಹರಕು ಬಟ್ಟೆಯಿಂದ. ಅವನು ದ್ವಾರಕೆಯ ಕಾವಲುಗಳನ್ನು ದಾಟಿ ಒಳಗೆ ಹೋದಾಗ ಯಾವ ದ್ವಾರಪಾಲಕನೂ ಉಡುಪಿನ ಮಾತೆತ್ತಲಿಲ್ಲ. ರುಕ್ಮಿಣಿಯ ಪರ್ಯಂಕದ ಮೇಲಿದ್ದ ಭಗವಂತನು ದೂರದಿಂದಲೇ ಕಂಡು, ಎದ್ದು ಬಂದು, ಆ ಹರಕು ಬಟ್ಟೆಯ ಸಮೇತ ಅವನನ್ನು ಆಲಿಂಗಿಸಿಕೊಂಡನು. ಹೆಂಡತಿ ನೆರೆಮನೆಗಳಿಂದ ಬೇಡಿ ತಂದ ಅವಲಕ್ಕಿಯೂ ಬಟ್ಟೆಯ ತುಂಡಿನಲ್ಲೇ ಕಟ್ಟಿದ್ದು. ಅದನ್ನು ಬಿಚ್ಚಿದವನು ಸ್ವತಃ ಶ್ರೀಕೃಷ್ಣ.

ಈ ಕಥೆಯನ್ನು ಹಿಡಿದುಕೊಂಡು ಹರಿದ ಜೀನ್ಸಿನ ಸಮರ್ಥನೆಗೆ ಹೊರಡುವ ಬುದ್ಧಿವಂತ ತರುಣರೂ ಇಲ್ಲದಿಲ್ಲ. ಅವರಿಗೆ ಉತ್ತರ ಸುಲಭ. ಕುಚೇಲನಲ್ಲಿ ಇದ್ದುದು ಅದೊಂದೇ ಬಟ್ಟೆ. ಅಂಗಡಿಯಲ್ಲಿ ಹರಿದೇ ಮಾರುವ ಬಟ್ಟೆಯನ್ನು ಮೂರು ಸಾವಿರ ರೂಪಾಯಿ ಕೊಟ್ಟು ಕೊಂಡವನು ಕುಚೇಲನಲ್ಲ. ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟು ಬಂದವನ ಬಡತನಕ್ಕೂ, ಇದ್ದುದರಲ್ಲಿ ಕೈಗೆ ಸಿಕ್ಕಿದ್ದನ್ನು ತೊಟ್ಟು ಬಂದವನ ಉದಾಸೀನಕ್ಕೂ ಭಗವಂತನಿಗೆ ವ್ಯತ್ಯಾಸ ತಿಳಿಯುತ್ತದೆ. ಹಾಗೆಂದು ಹೊರವೇಷವೇ ಭಕ್ತಿಯೆಂದು ಬಗೆದವರನ್ನೂ ಹರಿದಾಸರು ಸುಮ್ಮನೆ ಬಿಟ್ಟಿಲ್ಲ. ಹೊಟ್ಟೆಪಾಡಿನ ವೈರಾಗ್ಯವನ್ನು ಪುರಂದರದಾಸರು ವಿಡಂಬಿಸಿದಷ್ಟು ಕಟುವಾಗಿ ಯಾವ ನಾಸ್ತಿಕನೂ ವಿಡಂಬಿಸಿರಲಾರ.

ಉಡುಪಿಯಲ್ಲಿ ಶ್ರೀಕೃಷ್ಣನಿಗೆ ನಿತ್ಯವೂ ನಡೆಯುವ ಪೂಜೆಗಳಲ್ಲಿ ಅಲಂಕಾರಪೂಜೆಯೂ ಒಂದು. ದಿನಕ್ಕೊಂದು ಅಲಂಕಾರ, ನವರಾತ್ರಿಯಲ್ಲಿ ದೇವಿಯ ಅಲಂಕಾರ. ಉಡುಪು ನಗಣ್ಯವೆಂದು ಹೇಳುವ ಸಂಪ್ರದಾಯ ಇದಲ್ಲ. ಇಲ್ಲಿ ಉಡುಪು ಸೇವೆಯ ಒಂದು ಅಂಗ. ಆದುದರಿಂದಲೇ ಮಠಕ್ಕೆ ಬರುವವನ ಉಡುಪಿನ ಬಗ್ಗೆ ಹಿರಿಯರಿಗಿರುವ ಕಾಳಜಿಯನ್ನು ಹಳೆಯ ಕಾಲದ ಹಟವೆಂದು ತಳ್ಳಿಹಾಕಲಾಗದು.

ಆದರೆ ಮಠದ ನಿಯಮ ಯಾವುದು? ಮಡಿಯ ದೃಷ್ಟಿಯಲ್ಲಿ ಮುಖ್ಯವಾದ ಭೇದ ಎರಡು: ಒಗೆದು ಒಣಗಿಸಿ ಯಾರೂ ಮುಟ್ಟದ್ದು, ಮುಟ್ಟಿದ್ದು, ಹೊಲಿಗೆಯಿಲ್ಲದ್ದು, ಹೊಲಿಗೆಯುಳ್ಳದ್ದು. ಈ ಅಳತೆಗೋಲಿನಲ್ಲಿ ನೋಡಿದರೆ ಇಸ್ತ್ರಿಯಾದ ಟೆರಿಕಾಟ್ ಪ್ಯಾಂಟೂ ಹರಿದ ಜೀನ್ಸೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತವೆ. ಎರಡಕ್ಕೂ ಹೊಲಿಗೆಯಿದೆ, ಎರಡೂ ರೈಲಿನಲ್ಲಿ ಬಂದಿವೆ. ಪ್ಯಾಂಟು ತೊಟ್ಟ ಯಜಮಾನರು ಜೀನ್ಸ್ ತೊಟ್ಟ ತರುಣನಿಗೆ ಮಠದ ಜಗಲಿಯಲ್ಲಿ ಬುದ್ಧಿ ಹೇಳುವಾಗ ಅವರು ಹೇಳುತ್ತಿರುವುದು ಶಾಸ್ತ್ರದ ನಿಯಮವನ್ನಲ್ಲ. ತಾವು ಮೂವತ್ತು ವರ್ಷ ದುಡಿದ ಕಚೇರಿಯ ನಿಯಮವನ್ನು. ಈಚೆಗೆ ಬಂದಿರುವ, ಸೊಂಟಕ್ಕೆ ಅಂಟಿಸಿಕೊಳ್ಳುವ ವೆಲ್ಕ್ರೋ ಪಂಚೆ ಮತ್ತು ಹೊಲಿದೇ ಸಿಗುವ ಸಿದ್ಧ ಕಚ್ಚೆಗಳನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂಬುದನ್ನು ವಿದ್ವಾಂಸರೇ ತೀರ್ಮಾನಿಸಬೇಕು.

ಇನ್ನೊಂದು ಅಸಮತೆಯನ್ನೂ ಹೇಳದೆ ಬಿಡುವಂತಿಲ್ಲ. ಉಡುಪಿನ ಆಕ್ಷೇಪದ ದೊಡ್ಡ ಪಾಲು ಸ್ತ್ರೀಯರ ಮೇಲೆಯೇ ಬೀಳುತ್ತದೆ. ಪ್ರಭಾದೇವಿಯ ಸಿದ್ಧಿವಿನಾಯಕ ದೇವಾಲಯದ ನ್ಯಾಸವು 2025ರ ಜನವರಿಯಲ್ಲಿ ಭಕ್ತರಿಗೆ ಉಡುಪಿನ ನಿಯಮವನ್ನು ಪ್ರಕಟಿಸಿದಾಗ ಅದು ಸ್ತ್ರೀಪುರುಷರಿಬ್ಬರಿಗೂ ಅನ್ವಯಿಸಿತ್ತು. ಮರುದಿನದ ಚರ್ಚೆ ಮಾತ್ರ ಹುಡುಗಿಯರ ಲಂಗದ ಉದ್ದದ ಸುತ್ತಲೇ ಸುತ್ತಿತು. ಮಾಧ್ವ ಮಠಗಳಲ್ಲೂ ಸಲ್ವಾರಿಗೆ ದುಪಟ್ಟಾ ಇಲ್ಲದ ಹುಡುಗಿಯ ಕಡೆಗೆ ನಾಲ್ಕು ಕಣ್ಣುಗಳು ಹೊರಳುತ್ತವೆ. ಬರ್ಮುಡಾ ಚಡ್ಡಿಯಲ್ಲಿ ಬಂದ ಅವಳ ಅಣ್ಣ ಪಾಯಸದ ಎರಡನೆಯ ಸುತ್ತಿಗೂ ನಿರಾತಂಕವಾಗಿ ಕೈ ಚಾಚುತ್ತಾನೆ. ಮುಂಬಯಿಯ ಪುರುಷನಿಗೆ ಉಡುಪಿಯಲ್ಲಿ ಅಂಗಿ ಕಳಚಿ ದರ್ಶನಕ್ಕೆ ನಿಲ್ಲುವುದರಲ್ಲಿ ಯಾವ ಸಂಕೋಚವೂ ಇಲ್ಲ. ಅವನೇ ಉಪನಗರದ ಶಾಖಾಮಠದಲ್ಲಿ, ಹತ್ತು ನಿಮಿಷದ ಕೆಲಸಕ್ಕೆ ಇದೆಲ್ಲ ಏಕೆ ಎನ್ನುತ್ತಾನೆ. ನಿಯಮ ಮಾಡುವವರು ಮೊದಲು ಇವನನ್ನು ಹಿಡಿಯಬೇಕು.

ಆಷಾಢ ಶುದ್ಧ ಏಕಾದಶಿಯಂದು ತಪ್ತಮುದ್ರಾಧಾರಣೆಗೆ ಬರುವ ಜನಸ್ತೋಮವನ್ನು ನೋಡಿದವರಿಗೆ ಬೇರೊಂದು ಚಿತ್ರ ಕಾಣಸಿಗುತ್ತದೆ. ಹೊರಗೆ ಜಡಿಮಳೆ, ಬೆಳಗಿನ ಜಾವದಿಂದ ಸರದಿ, ಸರದಿಯಲ್ಲಿ ಕಚೇರಿಯ ಚೀಲ ಹೆಗಲಿಗೇರಿಸಿದ ತರುಣರು. ಒಳಗೆ ಬರುವ ಮುನ್ನ ಅಂಗಿ ಕಳಚಿ ಚೀಲಕ್ಕೆ ತುರುಕಿ, ಪಂಚೆ ಸುತ್ತಿ, ಶಂಖಚಕ್ರಗಳ ಮುದ್ರೆಯನ್ನು ಹೆಗಲಿಗೆ ಒತ್ತಿಸಿಕೊಂಡು, ಮತ್ತೆ ಅದೇ ಟೀ-ಶರ್ಟ್ ತೊಟ್ಟು ಒಂಬತ್ತರ ರೈಲಿಗೆ ಓಡುತ್ತಾರೆ. ಹಸಿಯಾದ ಮುದ್ರೆಯ ಮೇಲೆ ಬಟ್ಟೆ ತಾಗಿದಾಗ ಉರಿಯುತ್ತದೆ. ಅದನ್ನು ದಿನವಿಡೀ ಸಹಿಸಿಕೊಳ್ಳುತ್ತಾರೆ. ಇವರ ಭಕ್ತಿಯನ್ನು ಟೀ-ಶರ್ಟಿನಿಂದ ಅಳೆಯಲು ಹೊರಟವರು ಸೋಲುತ್ತಾರೆ.

ಇದಕ್ಕೆ ಪ್ರತಿಯಾಗಿ ಹಿಂದಿನ ತಲೆಮಾರಿನ ಒಂದು ರೂಢಿಯನ್ನು ನೆನೆಯಬಹುದು. ಮನೆಯಲ್ಲಿ ದೇವರ ಪೂಜೆ ಮುಗಿಸಿ ಗೋಪೀಚಂದನದ ನಾಮ, ಅಂಗಾರದ ಗೆರೆ, ಅಕ್ಷತೆಯ ಚುಕ್ಕೆ ಧರಿಸಿ ಹೊರಟ ಎಷ್ಟೋ ಗೃಹಸ್ಥರು ರೈಲು ಹತ್ತುವ ಮುನ್ನ ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತಿದ್ದರು. ಸಾಹೇಬರ ಕಚೇರಿ, ಸಹೋದ್ಯೋಗಿಗಳ ಕುತೂಹಲ, ಗ್ರಾಹಕರ ಪ್ರಶ್ನೆ, ಕಾರಣಗಳು ಹಲವಿದ್ದವು. ಒರೆಸದೆ ಹೋದವರೂ ಇದ್ದರು. ಏಕಾದಶಿಯ ದಿನ ಅಕ್ಷತೆಯಿಲ್ಲದ ಬರಿಯ ಅಂಗಾರದ ಗೆರೆಯನ್ನು ನೋಡಿ, ಇಂದು ಇವರಿಗೆ ಚಹಾ ತರಬೇಡ ಎಂದು ಮರಾಠಿ ಜವಾನ ಮಾಣಿಗೆ ಹೇಳುವಷ್ಟರ ಮಟ್ಟಿಗೆ ಅವರ ಗುರುತು ಕಚೇರಿಗೆ ಪರಿಚಿತವಾಗಿರುತ್ತಿತ್ತು. ಇಂದಿನ ಸಾದಾ ಉಡುಪಿನ ಕಚೇರಿಗಳಲ್ಲಿ ಯಾರ ಹಣೆಯ ಮೇಲೆ ಏನಿದೆಯೆಂದು ಕೇಳುವವರು ಕಡಿಮೆ. ಟೈ ಕಡ್ಡಾಯವಾಗಿದ್ದ ಕಾಲಕ್ಕಿಂತ ಈಗ ನಾಮ ಧರಿಸಿ ಹೋಗುವುದು ಸುಲಭ. ಸಡಿಲಿಕೆಯ ಈ ಲಾಭವನ್ನು ಪಡೆದುಕೊಂಡವರು ಮಾತ್ರ ಬೆರಳೆಣಿಕೆಯವರು. ಇದನ್ನು ಕಿರಿಯರಿಗೆ ತಿಳಿಹೇಳುವುದು ಟೀ-ಶರ್ಟಿನ ಮೇಲೆ ಹರಿಹಾಯುವುದಕ್ಕಿಂತ ಫಲಕಾರಿಯಾಗಬಹುದು.

ಕೊನೆಗೆ ಉಳಿಯುವುದು ಒಂದು ಕಷ್ಟದ ಪ್ರಶ್ನೆ. ಲೋವರ್ ಪರೇಲಿನಲ್ಲೋ ಬಾಂದ್ರಾ ಕುರ್ಲಾ ಸಂಕೀರ್ಣದಲ್ಲೋ ಕೆಲಸ ಮುಗಿಸಿ, ಸಂಜೆಯ ಜನಜಂಗುಳಿಯ ರೈಲಿನಿಂದ ಇಳಿದು, ಮನೆಗೂ ಹೋಗದೆ ರಾತ್ರಿಯ ಮಹಾಮಂಗಳಾರತಿಗೆ ಓಡಿಬರುವ ತರುಣ ಅಥವಾ ತರುಣಿಯನ್ನು ಮಠ ಹೇಗೆ ಬರಮಾಡಿಕೊಳ್ಳಬೇಕು? ಮನೆಗೆ ಹೋಗಿ ಬಟ್ಟೆ ಬದಲಾಯಿಸಿ ಬಾ ಎಂದರೆ ಮಂಗಳಾರತಿ ಮುಗಿದಿರುತ್ತದೆ. ನಾಲ್ಕು ಜನರೆದುರು ಗದರಿಸಿದರೆ ಆ ದಿನ ತಲೆತಗ್ಗಿಸಿ ನಿಂತು, ಮುಂದಿನ ವಾರದಿಂದ ಬರುವುದನ್ನೇ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದವರ ಲೆಕ್ಕವನ್ನು ಯಾವ ಮಠದ ವರದಿಯೂ ಇಡುವುದಿಲ್ಲ. ವಾರ್ಷಿಕೋತ್ಸವದ ದಿನ ಕುರ್ಚಿಗಳಲ್ಲಿ ಕುಳಿತವರ ತಲೆಗೂದಲಿನ ಬಣ್ಣ ಅದನ್ನು ಹೇಳುತ್ತದೆ.

ಗದರಿಸುವುದಕ್ಕಿಂತ ಅಗ್ಗದ ಉಪಾಯ ಒಂದು ಬೀರು. ಪ್ರವೇಶದ್ವಾರದ ಪಕ್ಕದಲ್ಲಿ, ಕೈಕಾಲು ತೊಳೆಯುವ ನಲ್ಲಿಯ ಬಳಿ, ಇಪ್ಪತ್ತು ಪಂಚೆ, ಇಪ್ಪತ್ತು ಶಲ್ಯ, ಹತ್ತು ದುಪಟ್ಟಾ ಇಡುವಷ್ಟು ಬೀರು, ಬಟ್ಟೆ ಬದಲಾಯಿಸಲು ಪರದೆಯ ಮರೆ, ಕಳಚಿದ ಬಟ್ಟೆ ಮತ್ತು ಚೀಲ ತೂಗುಹಾಕಲು ಗೋಡೆಗೆ ಗೂಟ. ಬಳಸಿದ ವಸ್ತ್ರ ಹಾಕಲು ಬೇರೆ ಬುಟ್ಟಿಯಿರಬೇಕು. ಒಬ್ಬ ಬಿಚ್ಚಿಟ್ಟದ್ದನ್ನು ಇನ್ನೊಬ್ಬ ಒಗೆಯದೆ ಉಟ್ಟರೆ ಮಡಿಯೂ ಇಲ್ಲ, ಮೈಲಿಗೆಯ ಪರಿಹಾರವೂ ಇಲ್ಲ. ಒಗೆಸುವ ಖರ್ಚು ವಾರಕ್ಕೆ ಎರಡು ಸಲ ದೋಬಿಗೆ ಕೊಡುವಷ್ಟು. ಹುಟ್ಟುಹಬ್ಬದ ದಿನ ಮಗುವಿನ ಹೆಸರಿನಲ್ಲಿ ಸೇವೆ ಬರೆಸುವ ಕುಟುಂಬಗಳು ಒಂದು ತಿಂಗಳ ಒಗೆತದ ಸೇವೆಯನ್ನು ಬರೆಸಬಹುದು. ವಸ್ತ್ರದಾನದ ಫಲವನ್ನು ವಿವರಿಸಲು ಮಠದಲ್ಲಿ ವಿದ್ವಾಂಸರ ಕೊರತೆಯಿಲ್ಲ. ಬೀರುವಿನ ಬೀಗದ ಕೈ ವ್ಯವಸ್ಥಾಪಕರ ಮೇಜಿನೊಳಗೆ ಇರಬಾರದು. ಸಂಜೆ ಏಳರ ಬಳಿಕ ಅದು ತೆರೆದೇ ಇರಬೇಕು, ಏಕೆಂದರೆ ಆ ಹುಡುಗರು ಬರುವುದು ಆ ಹೊತ್ತಿಗೇ.

ಶ್ರೀಕೃಷ್ಣಾರ್ಪಣಮಸ್ತು.